ಬಿಸಾಡಿದ್ದನ್ನು ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನಮ್ಮ ವಿಭಾಗದ ವಾಟ್ಸಾಪ್ ಗುಂಪಿಗೆ ಬಂದದ್ದು ನಾನು ಕಾಪುವಿನಿಂದ ಮಣಿಪಾಲಕ್ಕೆ ಹೊರಡುವ ಹೊತ್ತಿಗೆ. ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಅವುಗಳ ಬೆನ್ನಿಗೇ ಯಾರೋ ಇಂಟರ್ನಲ್ ಮಾರ್ಕು ಹಾಕಲು ಕೊನೆಯ ದಿನ ಯಾವುದೆಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಯೋಚಿಸಿದೆ, ಹೊಸದಾಗಿ ಸೇರಿದವರಿಗೆ ಅವರು ಯಾರೆಂದು ಹೇಗೆ ಗೊತ್ತಿರಬೇಕು? ಮೂಲೆಯ ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದ ಒಬ್ಬ ಮುದುಕರನ್ನು ಅವರು ನೋಡಿರಬಹುದು, ನಿದ್ದೆ ಹೊಡೆಯುತ್ತಿದ್ದಾರೆ ಅಂದುಕೊಂಡಿರಬಹುದು. ಹಾಗೆ ಅಂದವರನ್ನು ನಾನು ಬೈದದ್ದೂ ಉಂಟು.

ಅವರು ಉದ್ಯಾವರದವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಘಟ್ಟದಾಚೆ, ದೂರದ ಒಂದು ಬಯಲಿನಲ್ಲಿ ರೇಡಿಯೋ ಟೆಲಿಸ್ಕೋಪು ಇದೆ. ಅಲ್ಲಿಯ ರಿಸೀವರ್ ಕೋಣೆಯಲ್ಲಿ ಅವರ ಇಡೀ ನೌಕರಿ ಕಳೆದುಹೋಯಿತು. ನಿವೃತ್ತಿಯಾದ ಮೇಲೆ ಊರಿಗೆ ಬಂದು ಹೆದ್ದಾರಿಯ ಪಕ್ಕದಲ್ಲೇ ಒಂದು ಫ್ಲ್ಯಾಟು ಮಾಡಿಕೊಂಡರು. ನಮ್ಮ ಕಾಲೇಜಿನವರು ಅವರನ್ನು ಎಲೆಕ್ಟ್ರಾನಿಕ್ಸ್ ಮಕ್ಕಳಿಗೆ ಪಾಠ ಮಾಡಲು ಕರೆದರು. ಕಾಪುವಿನಿಂದ ಬರುವ ನನ್ನ ಕಾರು ಉದ್ಯಾವರದ ಮೇಲೆಯೇ ಹೋಗಬೇಕಾದ್ದರಿಂದ ಅವರನ್ನು ಕರೆತರುವ ಕೆಲಸ ನನ್ನ ತಲೆಗೆ ಬಂತು. ಮೊದಮೊದಲು ನನಗೆ ಅದು ಖುಷಿಯ ವಿಷಯವೇನೂ ಆಗಿರಲಿಲ್ಲ. ಕಾರು ಹತ್ತಿದ ಕೂಡಲೇ ಮೊಬೈಲ್ ಚಾರ್ಜರಿನ ವಯರು ಕೀಳುತ್ತಿದ್ದರು. ಅದು ಗಲಾಟೆ ಮಾಡುತ್ತದಂತೆ.

ಗಲಾಟೆ ಅಂದರೆ ನಮಗೆ ಕೇಳುವ ಗಲಾಟೆಯಲ್ಲ. ಟ್ಯೂಬ್‌ಲೈಟು, ಇನ್ವರ್ಟರು, ಎಲ್‌ಇಡಿ ಬಲ್ಬು, ಲಿಫ್ಟು, ಎಲ್ಲವೂ ಸಣ್ಣಗೆ ರೇಡಿಯೋ ತರಂಗ ಉಗುಳುತ್ತವೆ. ಆಕಾಶದಿಂದ ಬರುವ ತರಂಗ ಅದಕ್ಕಿಂತ ಎಷ್ಟೋ ಕ್ಷೀಣ. ಹಾಗಾಗಿ ಅವರಿಗೆ ಮನುಷ್ಯರ ಎಲ್ಲ ಉಪಕರಣಗಳ ಮೇಲೂ ಒಂದು ಗುಮಾನಿ ಇತ್ತು. ಮದುವೆಯ ಹಾಲಿಗೆ ಹೋದರೂ ಮದುಮಕ್ಕಳನ್ನು ನೋಡುವ ಮೊದಲು ಲೈಟಿನ ಸರ ನೋಡುತ್ತಿದ್ದರು. ಒಂದು ದಿನ ನಾನು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ನನ್ನ ಕೋಣೆಯ ಹೊಸ ಬಲ್ಬನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ಜಗಳವಾಡಲು ಹೋದೆ. ಜೇಬಿನಿಂದ ಸಣ್ಣ ಟ್ರಾನ್ಸಿಸ್ಟರ್ ತೆಗೆದು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಬಲ್ಬು ಹಾಕಿ ತೋರಿಸಿದರು. ಟ್ರಾನ್ಸಿಸ್ಟರ್ ಜರ್ರೋ ಎಂದು ಕಿರುಚಿತು. ನನ್ನ ಬಾಯಿ ಅಲ್ಲಿಗೆ ಬಂದ್. ಆದರೂ ಬಲ್ಬು ವಾಪಸ್ ಹಾಕಿಸಿಕೊಂಡೆ, ಕತ್ತಲಲ್ಲಿ ಪೇಪರು ತಿದ್ದಲಿಕ್ಕಾಗುತ್ತದಾ?

ಪಾಠ ಮಾಡುವಾಗ ಮಾತ್ರ ಅವರು ಬೇರೆಯೇ ಮನುಷ್ಯರು. ಬೋರ್ಡಿನ ಮೇಲೆ ಅಡ್ಡಕ್ಕೊಂದು ಗೆರೆ ಎಳೆದು, ಅದರ ಮೇಲೂ ಕೆಳಗೂ ಓಲಾಡುವ ಒಂದು ಅಲೆ ಬರೆಯುತ್ತಿದ್ದರು. ಮಕ್ಕಳಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ಈ ಜಾಗದಲ್ಲಿ ಅಲೆ ಗೆರೆಯ ಮೇಲಿದೆಯೋ ಕೆಳಗಿದೆಯೋ ಅಷ್ಟನ್ನೇ ಹೇಳಿಸುತ್ತಿದ್ದರು. ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಹೇಳಹೋದವರ ಬಾಯಿ ಮುಚ್ಚಿಸುತ್ತಿದ್ದರು. ಮೇಲೆ, ಕೆಳಗೆ, ಕೆಳಗೆ, ಮೇಲೆ. ಇಷ್ಟರಿಂದಲೇ ಆಕಾಶದ ಚಿತ್ರ ಬರೆಯಬಹುದು ಎಂದರೆ ಯಾರೂ ನಂಬುತ್ತಿರಲಿಲ್ಲ. ಅವರ ತಾರುಣ್ಯದ ಡಿಜಿಟಲ್ ರಿಸೀವರುಗಳು ಅಷ್ಟನ್ನೇ ಬರೆದಿಟ್ಟುಕೊಳ್ಳುತ್ತಿದ್ದವಂತೆ. ಒಂದೇ ಬಿಟ್. ಅದಕ್ಕಿಂತ ಹೆಚ್ಚು ಹಿಡಿಯುವ ಶಕ್ತಿ ಆಗಿನ ಚಿಪ್ಪುಗಳಿಗೆ ಇರಲಿಲ್ಲ. ಎರಡು ಆಂಟೆನಾಗಳ ಮೇಲೆ-ಕೆಳಗೆಗಳನ್ನು ಹೋಲಿಸಿ, ಕೋಟಿಗಟ್ಟಲೆ ಸಲ ಹೋಲಿಸಿ, ಗದ್ದಲದ ಅಡಿಯಿಂದ ನಕ್ಷತ್ರವನ್ನು ಎತ್ತುತ್ತಿದ್ದರು. ಆ ರಿಸೀವರಿನ ಬೋರ್ಡುಗಳಿಗೆ ಕೂದಲಿನಷ್ಟು ತೆಳ್ಳನೆಯ ವಯರನ್ನು ಕೈಯಿಂದಲೇ ಸುತ್ತಿದವರು ಇವರು. ಬೆರಳ ತುದಿಗಳಲ್ಲಿ ಅದರ ಗುರುತು ಕೊನೆಯವರೆಗೂ ಇತ್ತು.

ಅದಕ್ಕೂ ಮೊದಲು ಕಾಗದದ ಸುರುಳಿಯ ಮೇಲೆ ಪೆನ್ನು ಓಡುತ್ತಿದ್ದ ಕಾಲವನ್ನೂ ಅವರು ನೋಡಿದ್ದರು. ಒಂದು ಬಿಟ್ ಹೋಗಿ ಎರಡಾಯಿತು, ಎಂಟಾಯಿತು. ಊರೂರಿಗೆ ಮೊಬೈಲ್ ಟವರು ಬಂದ ಮೇಲೆ ಬಿಟ್ಟುಗಳು ಹೆಚ್ಚು ಬೇಕೇಬೇಕಾದವು. ಇಲ್ಲದಿದ್ದರೆ ಟವರಿನ ಅಬ್ಬರಕ್ಕೆ ರಿಸೀವರು ಉಸಿರುಕಟ್ಟಿ ಬೇರೇನನ್ನೂ ಹಿಡಿಯುತ್ತಿರಲಿಲ್ಲ. ಕೋಣೆ ತುಂಬ ಇದ್ದ ಕಪಾಟುಗಳು ಹೋಗಿ ಅಂಗೈಯಗಲದ ಚಿಪ್ಪಿನೊಳಗೆ ಸೇರಿಕೊಂಡವು. ಕೇಬಲಿನಲ್ಲಿ ಕೋಣೆಯವರೆಗೆ ಬಂದು ಅಂಕಿಯಾಗುತ್ತಿದ್ದ ಅಲೆ ಈಗ ಆಂಟೆನಾದ ಬುಡದಲ್ಲೇ ಅಂಕಿಯಾಗುತ್ತದೆ. ಮಕ್ಕಳು ಆಡುವ ಕಂಪ್ಯೂಟರ್ ಆಟಕ್ಕೆಂದು ಹುಟ್ಟಿದ ಗ್ರಾಫಿಕ್ಸ್ ಕಾರ್ಡುಗಳು ನಕ್ಷತ್ರದ ಲೆಕ್ಕ ಹಾಕುತ್ತವೆ. ಇದನ್ನೆಲ್ಲ ಅವರು ಹೆಮ್ಮೆಯಿಂದ ಹೇಳುತ್ತ ಹೇಳುತ್ತ ಒಂದು ಕಡೆ ಬಂದು ಮುಟ್ಟುತ್ತಿದ್ದರು. ಅಲ್ಲಿ ಅವರ ಮುಖ ಸಣ್ಣದಾಗುತ್ತಿತ್ತು.

ವಿಷಯ ಇಷ್ಟು. ರಿಸೀವರು ಬೆಳೆದಂತೆ ಅದು ಹಿಡಿಯುವ ಅಂಕಿಗಳು ಉಕ್ಕಿ ಹರಿಯತೊಡಗಿದವು. ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ. ಯಾವುದು ಆಕಾಶದ್ದು, ಯಾವುದು ಮನುಷ್ಯರ ಗಲಾಟೆ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿ, ಗಲಾಟೆಯನ್ನು ಅಲ್ಲೇ ಬಿಸಾಡಬೇಕು. ಹಾಗೆ ಬಿಸಾಡುವ ಯಂತ್ರವನ್ನು ಕಟ್ಟಿದ ತಂಡಕ್ಕೆ ಇವರೇ ಮುಖ್ಯಸ್ಥರು. ಬಿಸಾಡಿದ್ದರಲ್ಲಿ ಸ್ವಲ್ಪವನ್ನಾದರೂ ಒಂದು ಬುಟ್ಟಿಗೆ ಹಾಕಿಡೋಣ, ವಾರಕ್ಕೊಮ್ಮೆ ಯಾರಾದರೂ ಕೂತು ನೋಡೋಣ ಎಂದು ಇವರು ಮೀಟಿಂಗಿನಲ್ಲಿ ಹಟ ಹಿಡಿದರು. ಹೊಸಬರು ಒಪ್ಪಲಿಲ್ಲ. ಕಸ ಇಡುವುದಕ್ಕೆ ಡಿಸ್ಕು ಯಾರು ಕೊಡುತ್ತಾರೆ ಎಂದು ನಕ್ಕರಂತೆ. ಬುಟ್ಟಿ ಇಲ್ಲದೆಯೇ ಯಂತ್ರ ಚಾಲೂ ಆಯಿತು. ಇವರೇ ಸಹಿ ಹಾಕಿದರು.

“ಎಷ್ಟು ವರ್ಷದ್ದು ಹೋಯಿತು ಅಂತ ನನಗೆ ಬೇಜಾರಿಲ್ಲ ಮಾರಾಯ್ತಿ. ಎಂತ ಹೋಯಿತು ಅಂತ ಗೊತ್ತಿಲ್ಲ ಅಲ್ವಾ, ಅದು ಬೇಜಾರು,” ಎಂದು ಒಮ್ಮೆ ಕಾರಿನಲ್ಲಿ ಹೇಳಿದ್ದರು. ಬಲಾಯಿಪಾದೆಯ ಸಿಗ್ನಲ್ಲಿನಲ್ಲಿ ಮಲ್ಪೆಗೆ ಹೋಗುವ ಮೀನಿನ ಲಾರಿ ನಮ್ಮ ಮುಂದೆ ನಿಂತಿತ್ತು. ನನಗೆ ವಾಸನೆಗೆ ತಲೆನೋವು ಹಿಡಿದಿತ್ತು. ಹೂಂಗುಟ್ಟಿ ಕಿಟಕಿಯ ಗಾಜು ಏರಿಸಿದೆ.

ನಮ್ಮಲ್ಲಿಗೆ ಬಂದ ಮೇಲೆ ಅವರು ಆ ಬುಟ್ಟಿಯ ಹಟ ಸಾಧಿಸಿಕೊಂಡರು. ಕಾರ್ಕಳದ ಹತ್ತಿರ ಒಂದು ಬೋಳು ಬಂಡೆಯ ಮೇಲೆ ಕಾಲೇಜಿನ ಸಣ್ಣ ಆಂಟೆನಾ ಇದೆ, ಸೂರ್ಯನಿಂದ ಬರುವ ರೇಡಿಯೋ ಅಲೆ ಹಿಡಿಯುವುದಕ್ಕೆ. ಅಲ್ಲಿಯ ರಿಸೀವರಿಗೂ ಗಲಾಟೆ ಬಿಸಾಡುವ ಪ್ರೋಗ್ರಾಮು ಬರೆಸಿದರು. ಆದರೆ ಬಿಸಾಡಿದ್ದೆಲ್ಲ ಬೇರೆ ಫೈಲಿಗೆ ಹೋಗಬೇಕು, ಶನಿವಾರ ಬೆಳಿಗ್ಗೆ ಎಲ್ಲರೂ ಕೂತು ಆ ಫೈಲು ನೋಡಬೇಕು, ಅಂಕಿಯನ್ನು ಶಬ್ದವಾಗಿ ಮಾಡಿ ಹೆಡ್‌ಫೋನಿನಲ್ಲಿ ಕೇಳಲೂಬೇಕು. ಮಕ್ಕಳಿಗೆ ಇದು ಶುದ್ಧ ಶಿಕ್ಷೆ. ಶನಿವಾರ ಮಲ್ಪೆ ಬೀಚಿಗೆ ಹೋಗುವುದು ಬಿಟ್ಟು ಕಸ ಹೆಕ್ಕುವುದು ಯಾರಿಗೆ ಬೇಕು? ನಾನೂ ಗೊಣಗಿದ್ದೇನೆ. ಒಂದು ಶನಿವಾರ ಆ ಕಸದಲ್ಲೇ ಒಂದು ಜೋರು ಗೀರು ಸಿಕ್ಕಿತು. ಸೂರ್ಯನಲ್ಲಿ ಆದ ಸ್ಫೋಟದ ಅಲೆ ಅದು. ತೀರಾ ಜೋರಾಗಿದ್ದದ್ದರಿಂದ ನಮ್ಮ ಪ್ರೋಗ್ರಾಮು ಅದನ್ನು ಯಾರದೋ ವೆಲ್ಡಿಂಗ್ ಮೆಷಿನ್ ಎಂದು ತಿಳಿದು ಎಸೆದಿತ್ತು. ಮಕ್ಕಳು ಕುಣಿದಾಡಿದರು. ಇವರು ಕುಣಿಯಲಿಲ್ಲ. ಕನ್ನಡಕ ಒರೆಸಿಕೊಂಡು ಎದ್ದು ಹೊರಗೆ ಹೋದರು. ಅಲ್ಲಿ, ಆ ದೊಡ್ಡ ಟೆಲಿಸ್ಕೋಪಿನಲ್ಲಿ, ಹೀಗೆ ಎಷ್ಟು ಹೋಗಿರಬಹುದು ಎಂದು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಅವರ ಹೆಂಡತಿಯನ್ನು ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಶಂಕರಪುರದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದವರು. ಅವರ ಸ್ವರ ಅಂದರೆ ಸ್ವರ. ಸಂಜೆ ನಾನು ಇವರನ್ನು ಇಳಿಸಿದಾಗ ಬಾಲ್ಕನಿಯಿಂದಲೇ ಚಾ ಕುಡಿದು ಹೋಗು ಎಂದು ಕೂಗಿದರೆ, ಹೆದ್ದಾರಿಯ ಬಸ್ಸುಗಳ ಹಾರ್ನು ಅದರ ಕೆಳಗೆ ಬೀಳುತ್ತಿತ್ತು. ಗದ್ದಲದಲ್ಲಿ ಸಿಗ್ನಲ್ ಹೇಗಿರಬೇಕೆಂದರೆ ನಮ್ಮ ಟೀಚರ್ ಹಾಗಿರಬೇಕು ಎಂದು ಇವರು ಕ್ಲಾಸಿನಲ್ಲಿ ಹೇಳಿ ನಗಿಸುತ್ತಿದ್ದರು. ಇವರಿಗೆ ಕಿವಿ ಮಂದವಾಗತೊಡಗಿದ್ದು ಮನೆಯಲ್ಲಿ ಯಾರಿಗೂ ತುಂಬ ಸಮಯ ಗೊತ್ತಾಗದೇ ಹೋದದ್ದಕ್ಕೂ ಆ ಸ್ವರವೇ ಕಾರಣ.

ಆದರೆ ಅವರಿಬ್ಬರ ಮಧ್ಯೆ ಒಂದು ಹಳೆಯ ನೋವು ಇತ್ತು. ಮದುವೆಯಾದ ಹೊಸತರಲ್ಲಿ ಟೆಲಿಸ್ಕೋಪಿನ ಬಯಲಿಗೆ ತನ್ನೊಂದಿಗೆ ಬಂದು ಇರು ಎಂದು ಇವರು ಕರೆದರು. ಟೀಚರ್ ಒಪ್ಪಲಿಲ್ಲ. ಅಲ್ಲಿ ಶಾಲೆ ಇಲ್ಲ, ಇಗರ್ಜಿ ಇಲ್ಲ, ಬಯಲಿನಲ್ಲಿ ಕೂತು ನಾನೇನು ಮಾಡಲಿ ಎಂದರು. ಇವರಿಗೆ ವಿಪರೀತ ಸಿಟ್ಟು ಬಂತು. ಒಂದಷ್ಟು ಕಾಲ ಪತ್ರ ಕೂಡ ಬರೆಯಲಿಲ್ಲವಂತೆ. ಆಮೇಲೆ ಸರಿಹೋಯಿತು, ರಜೆಗೆ ಬಂದು ಹೋಗಿ ಮಾಡುತ್ತಲೇ ಸಂಸಾರ ನಡೆಯಿತು, ಮಕ್ಕಳಾಗಲಿಲ್ಲ. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ನಿವೃತ್ತಿಯಾಗಿ ಬಂದ ಮೇಲೆಯೇ ನಾವು ಗಂಡ ಹೆಂಡತಿಯ ಹಾಗೆ ಒಟ್ಟಿಗೆ ಇದ್ದದ್ದು ಎಂದು ಟೀಚರ್ ನನ್ನ ಹತ್ತಿರ ಒಮ್ಮೆ ನಗುತ್ತಲೇ ಹೇಳಿದ್ದರು. ನಗುತ್ತ ಹೇಳಿದರೂ ಕಣ್ಣು ಬೇರೆ ಕಡೆ ಇತ್ತು.

ಟೀಚರ್‌ಗೆ ಸ್ಟ್ರೋಕ್ ಆಯಿತು. ಒಂದು ಭಾಗ ಬಿದ್ದುಹೋಯಿತು, ಮಾತು ನಿಂತಿತು. ಮಾತು ತಿರುಗಿ ಬರುವುದು ಕಷ್ಟ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಗದಗದ ಕಡೆಯ ಒಬ್ಬ ಹೆಂಗಸು ಹೋಮ್ ನರ್ಸ್ ಆಗಿ ಬಂದರು, ಒಳ್ಳೆಯವರು, ಕೆಲಸದಲ್ಲಿ ಅಚ್ಚುಕಟ್ಟು. ಬೆನ್ನು ಹುಣ್ಣಾಗಬಾರದೆಂದು ಏರ್ ಬೆಡ್ ತಂದು ಹಾಕಿದರು. ಅದಕ್ಕೊಂದು ಸಣ್ಣ ಪಂಪು, ಹಗಲಿರುಳು ಗುಂಯ್ ಎನ್ನುತ್ತಲೇ ಇರುತ್ತದೆ. ಬಂಧುಗಳು ಬಂದು ನೋಡಿಹೋಗುತ್ತಿದ್ದರು.

ಅದೇ ಹೊತ್ತಿಗೆ ಇವರ ಕಿವಿ ಇನ್ನಷ್ಟು ಕೆಟ್ಟು, ಮಣಿಪಾಲದಲ್ಲಿ ಪರೀಕ್ಷೆ ಮಾಡಿಸಿ ಎರಡೂ ಕಿವಿಗೆ ಮೆಷಿನ್ ಹಾಕಿಸಿಕೊಂಡರು. ಆ ದಿನ ಜೊತೆಯಲ್ಲಿ ನಾನಿದ್ದೆ. ಮೆಷಿನ್ ಹೊಂದಿಸಿಕೊಡುವ ಹುಡುಗಿ ಚುರುಕಾಗಿದ್ದಳು. ಗದ್ದಲ ಕಡಿಮೆ ಮಾಡುವ ಭಾಗವನ್ನು ತೀರಾ ಏರಿಸಬೇಡಿ ಸರ್, ಕೆಲವರ ಮಾತೂ ಅದರೊಟ್ಟಿಗೆ ಹೋಗಬಹುದು ಎಂದಳು. ಇವರು ನಕ್ಕರು. ಜೀವಮಾನವಿಡೀ ಅದನ್ನೇ ಮಾಡಿದವನಿಗೆ ಈ ಮಗು ಪಾಠ ಹೇಳುತ್ತಿದೆ ನೋಡು ಎಂಬಂಥ ನಗು. ಮನೆಗೆ ಹೋಗಿ ಮೊಬೈಲಿನಲ್ಲಿ ಅದರ ಆ್ಯಪ್ ತೆರೆದು, ಒಂದು ವಾರ ಕೂತು, ಪಂಪಿನ ಗುಂಯ್ ಸ್ವರ ಎಲ್ಲಿದೆ ಎಂದು ಹುಡುಕಿ, ಆ ಜಾಗವನ್ನು ಪೂರ್ತಿ ಅದುಮಿದರು. ಫ್ಯಾನಿನದ್ದನ್ನೂ, ಹೆದ್ದಾರಿಯದ್ದನ್ನೂ ಅದುಮಿದರು. ಆಮೇಲೆ ನನ್ನ ಕಾರಿನಲ್ಲಿ ಕೂತು, ಮನೆ ಈಗ ದೇವರ ಹಾಗೆ ಶಾಂತವಾಗಿದೆ ಎಂದರು. ಪಾಪ, ನಿದ್ದೆಗೆಟ್ಟು ಬಸವಳಿದಿದ್ದರು, ಅವರಿಗೆ ಆ ಶಾಂತಿ ಬೇಕಿತ್ತು. ಇಂಥ ಕೆಲಸ ಗೊತ್ತಿಲ್ಲದ ಬೇರೆ ಯಾವ ಗಂಡಸಾದರೂ ಮೆಷಿನನ್ನು ಆ ಹುಡುಗಿ ಕೊಟ್ಟ ಹಾಗೆಯೇ ಹಾಕಿಕೊಂಡು ಇರುತ್ತಿದ್ದ.

ನಾನು ಹೋದಾಗಲೆಲ್ಲ ಒಂದೇ ದೃಶ್ಯ. ಟೀಚರ್ ಮಲಗಿದ್ದಾರೆ, ಸರಿಯಿರುವ ಕೈಯಲ್ಲಿ ಜಪಮಾಲೆ, ತುಟಿಗಳು ಅಲುಗುತ್ತಿವೆ. ಇವರು ಮಂಚದ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದಾರೆ. ಪಂಪಿನ ಸದ್ದಿನಲ್ಲಿ ಟೀಚರ ಬಾಯಿಂದ ಏನೋ ಸಣ್ಣಗೆ, ಏರಿಳಿತವಿಲ್ಲದ ಒಂದೇ ಸ್ವರದಲ್ಲಿ ಬರುತ್ತಿದೆ ಎಂದಷ್ಟೇ ತಿಳಿಯುತ್ತಿತ್ತು. ಆ ನರ್ಸು ಬೆರಳು ತುಟಿಯ ಮೇಲಿಟ್ಟು, ಅಮ್ಮಾರು ಜಪಾ ಮಾಡಾಕತ್ತಾರ್ರೀ, ಮಾತಾಡಿಸಬ್ಯಾಡ್ರಿ ಎನ್ನುತ್ತಿದ್ದರು. ಮಾತು ಹೋದರೂ ಬಾಯಿಪಾಠವಾದ ಪ್ರಾರ್ಥನೆ ಉಳಿದಿರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ನೋಡಲು ಬಂದ ಅಕ್ಕತಂಗಿಯರು ಮಂಚದ ಸುತ್ತ ನಿಂತು ಅವರೊಟ್ಟಿಗೆ ಗಟ್ಟಿಯಾಗಿ ಪ್ರಾರ್ಥನೆ ಹೇಳಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಹೆಂಡತಿಯ ಪ್ರಾರ್ಥನೆಗೆ ಭಂಗವಾಗಬಾರದೆಂದು ಇವರು ಪೇಪರಿನ ಹಾಳೆಯನ್ನು ಕೂಡ ನಿಧಾನವಾಗಿ ಮಗುಚುತ್ತಿದ್ದರು.

ಆ ಸೆಮಿಸ್ಟರಿನಲ್ಲಿ ಗಲಾಟೆ ತೆಗೆಯುವ ಪಾಠಕ್ಕೆ ಒಂದು ಸುಲಭದ ಉದಾಹರಣೆ ಬೇಕಾಗಿತ್ತು. ಆಕಾಶದ ಅಂಕಿಗಳನ್ನು ಕಂಡರೆ ಮಕ್ಕಳು ಹೆದರುತ್ತಾರೆ, ಅದಕ್ಕೆ ಕಿವಿಗೆ ಕೇಳುವ ಶಬ್ದದಿಂದ ಶುರುಮಾಡುತ್ತೇನೆ ಎಂದರು. ಮನೆಯ ಪಂಪಿನಂಥ ಹದವಾದ ಗುಂಯ್ ಬೇರೆಲ್ಲಿ ಸಿಗುತ್ತದೆ? ಲ್ಯಾಬಿನ ರೆಕಾರ್ಡರನ್ನು ಒಯ್ದು ಒಂದು ಬೆಳಿಗ್ಗೆ ಮಂಚದ ತಲೆಯ ಕಡೆ ಇಟ್ಟು ತಂದರು. ಮಕ್ಕಳು ಅದನ್ನು ಕಂಪ್ಯೂಟರಿಗೆ ಹಾಕಿ, ಒಂದೇ ಸಮನೆ ಇರುವ ಸ್ವರಗಳನ್ನೆಲ್ಲ ಪ್ರೋಗ್ರಾಮಿನಿಂದ ತೆಗೆಸಿದರು. ಉಳಿದದ್ದರಲ್ಲಿ ಪಂಪಿಲ್ಲ, ಫ್ಯಾನಿಲ್ಲ. ಕಾಗೆ ಇತ್ತು, ಲಾರಿಯ ಹಾರ್ನಿತ್ತು, ಸ್ಟೀಲಿನ ಲೋಟ ಇಟ್ಟ ಸದ್ದಿತ್ತು. ಶಹಬ್ಬಾಸ್ ಎಂದು ಬೆನ್ನು ತಟ್ಟಿ ಅವರನ್ನು ಊಟಕ್ಕೆ ಕಳಿಸಿದರು.

ನಾನು ನನ್ನ ಡಬ್ಬಿ ತೆರೆದು ಕೂತಿದ್ದೆ. ಅವರು ಊಟಕ್ಕೆ ಏಳಲಿಲ್ಲ. ಇದು ಶನಿವಾರವಲ್ಲ ಸರ್, ಕಸ ಆಮೇಲೆ ನೋಡಿ ಎಂದು ತಮಾಷೆ ಮಾಡಿದೆ. ಬುಟ್ಟಿ ನೋಡದೆ ಕೆಲಸ ಮುಗಿಯುವುದುಂಟಾ ಎಂದು ಕಿವಿಯ ಮೆಷಿನುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು, ದೊಡ್ಡ ಹೆಡ್‌ಫೋನು ಏರಿಸಿಕೊಂಡರು. ಪ್ರೋಗ್ರಾಮು ಎಸೆದ ಫೈಲನ್ನು ತೆರೆದರು. ಪರದೆಯ ಮೇಲೆ ಪಂಪಿನ ಸ್ವರ ದಪ್ಪ ಪಟ್ಟಿಯಾಗಿ ಕಾಣುತ್ತಿತ್ತು. ಪಟ್ಟಿಯ ಅಂಚು ಒಂದು ಕಡೆ ಸ್ವಲ್ಪ ಸವೆದ ಹಾಗಿತ್ತು. ಅಲ್ಲಿಗೆ ಹಿಗ್ಗಿಸಿದರು. ಪಂಪಿನದ್ದು ಮಾತ್ರ ಹೋಗುವ ಹಾಗೆ ಪಟ್ಟಿಯನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಕೊಯ್ದರು. ವಾಲ್ಯೂಮ್ ಏರಿಸಿದರು. ಮತ್ತೆ ಹಿಂದಕ್ಕೆ ಹೋಗಿ ಮತ್ತೆ ಕೇಳಿದರು.

ಅವರು ಅಲ್ಲಾಡಲೇ ಇಲ್ಲ. ನಾನು ಡಬ್ಬಿ ಮುಚ್ಚಿ ಹತ್ತಿರ ಹೋದೆ. ಎಂತಾಯಿತು ಸರ್ ಎಂದು ಅವರ ಹೆಗಲು ಮುಟ್ಟಿ ಕೇಳಿದೆ. ಅವರು ಹೆಡ್‌ಫೋನು ತೆಗೆಯದೆ, ಕಿವಿ ಕೇಳದವರ ಆ ಎತ್ತರದ ಸ್ವರದಲ್ಲಿ ಹೇಳಿದರು.

“ಅವಳು ಮಾತಾಡ್ತಾ ಇದ್ದಾಳೆ. ಪ್ರಾರ್ಥನೆ ಅಲ್ಲ. ನನ್ನನ್ನು ಕೇಳ್ತಾ ಇದ್ದಾಳೆ.”

ಏನು ಕೇಳುತ್ತಿದ್ದಾರೆ ಎಂದು ನಾನು ಕೈಸನ್ನೆಯಲ್ಲೇ ಕೇಳಿರಬೇಕು.

“ನಾನು ಅಲ್ಲಿಗೆ ಬರಲಿಲ್ಲ ಅಂತ ಈಗಲೂ ಕೋಪವಾ, ಅದಕ್ಕೇ ಮಾತಾಡುವುದಿಲ್ವಾ ಅಂತ. ಇದನ್ನೇ. ತಿರುಗಿ ತಿರುಗಿ ಇದನ್ನೇ.”

ಹೆಡ್‌ಫೋನು ನನ್ನ ಕೈಗೆ ಕೊಟ್ಟರು. ನನಗೆ ಬರುವುದು ತುಳು, ಕೊಂಕಣಿ ಅರ್ಧಂಬರ್ಧ. ಆದರೂ ಇಟ್ಟುಕೊಂಡೆ. ತೊದಲುವ, ಚಪ್ಪಟೆಯಾದ, ಉಸಿರಿನಷ್ಟೇ ಇರುವ ಸ್ವರ. ಬಾಲ್ಕನಿಯಿಂದ ಕೂಗುತ್ತಿದ್ದ ಟೀಚರ ಸ್ವರ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಒಂದು ಸಲ ಕೇಳುವುದು, ಸುಮ್ಮನಾಗುವುದು. ಉತ್ತರಕ್ಕೆ ಕಾಯುವುದು. ಮತ್ತೆ ಕೇಳುವುದು. ಆ ನಡುವಿನ ಮೌನದಲ್ಲಿ ಪೇಪರಿನ ಹಾಳೆ ಮಗುಚುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಕೈಯಿಂದ ಆಗಲಿಲ್ಲ, ತೆಗೆದುಬಿಟ್ಟೆ.

ಮಾತು ಯಾವಾಗ ತಿರುಗಿ ಬಂದಿತ್ತೋ ಯಾರಿಗೆ ಗೊತ್ತು? ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾವೆಲ್ಲ ನಂಬಿದ್ದೆವು, ಯಾರೂ ಕಾದಿರಲಿಲ್ಲ. ಎಷ್ಟು ವಾರಗಳಿಂದ ಕೇಳುತ್ತಿದ್ದರೋ. ಪಂಪಿನ ಗುಂಯ್ ಅದುಮಿದಾಗ ಅದಕ್ಕೆ ಅಂಟಿಕೊಂಡಿದ್ದ ಟೀಚರ ಸ್ವರವನ್ನೂ ಇವರ ಕಿವಿಯ ಮೆಷಿನ್ ಅದುಮಿಬಿಟ್ಟಿತ್ತು. ಪಕ್ಕದಲ್ಲೇ ಕೂತ ಗಂಡ ಒಂದಕ್ಕೂ ಉತ್ತರಿಸದೆ ಹಾಳೆ ಮಗುಚುತ್ತಿದ್ದಾರೆ. ಯಾರ ಹೆಂಡತಿಯಾದರೂ ಕೋಪ ಎಂದೇ ತಿಳಿಯುತ್ತಾಳೆ. ಅದರಲ್ಲೂ ಒಮ್ಮೆ ಹಾಗೆಯೇ ಮೌನವಾಗಿದ್ದು ತೋರಿಸಿದ ಗಂಡ.

ಆಗಲೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಮಣಿಪಾಲದ ಇಳಿಜಾರು, ಕಲ್ಸಂಕದ ಟ್ರಾಫಿಕ್ಕು, ಕಿನ್ನಿಮೂಲ್ಕಿ. ಆ ದಿನ ನಾನು ಹಾರ್ನು ಹೊಡೆದ ಹಾಗೆ ಜನ್ಮದಲ್ಲಿ ಹೊಡೆದಿಲ್ಲ. ಅವರ ಕೈಯಲ್ಲಿ ಕಿವಿಯ ಮೆಷಿನುಗಳಿದ್ದವು, ಹಾಕಿಕೊಂಡಿರಲಿಲ್ಲ. ಉದ್ಯಾವರದಲ್ಲಿ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದರು.

ಒಳಗೆ ಹೋದವರೇ ಪಂಪಿನ ಸ್ವಿಚ್ಚು ಆರಿಸಿದರು, ಫ್ಯಾನ್ ಆರಿಸಿದರು. ಬೆನ್ನು ಹುಣ್ಣಾಗ್ತೈತ್ರಿ ಅಪ್ಪಾರ ಎಂದು ನರ್ಸು ಓಡಿಬಂದರು. ನಾನು ಅವರ ಕೈಹಿಡಿದು ನಿಲ್ಲಿಸಿದೆ. ಗಾಳಿ ಇಳಿದ ಹಾಸಿಗೆ ಮೆಲ್ಲಗೆ ಕುಸಿಯಿತು. ಇವರು ಮಂಡಿಯೂರಿ ಕೂತು, ಟೀಚರ ಮುಖದ ಹತ್ತಿರ ಬಾಗಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೊಂಕಣಿಯಲ್ಲಿ ಹೇಳಿದರು. ಕೋಪ ಇಲ್ಲ, ಏನೂ ಕೋಪ ಇಲ್ಲ, ನನಗೆ ಕೇಳಿಸಲಿಲ್ಲ, ನನ್ನ ಕಿವಿ ಸರಿ ಇಲ್ಲ ಎಂದು. ಮತ್ತೆ ಕಿವಿಯನ್ನು ಅವರ ಬಾಯಿಗೆ ಒಡ್ಡಿದರು.

ಟೀಚರ ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು. ಇವರಿಗೆ ಏನೂ ಕೇಳಿಸಲಿಲ್ಲ. ತಿರುಗಿ ನನ್ನನ್ನು ನೋಡಿ, ಎಂತ ಹೇಳುತ್ತಾಳೆ, ನೀನು ಕೇಳು ಎಂದರು. ನಾನು ಬಾಗಿ ಕೇಳಿದೆ. ಪಂಪಿಲ್ಲದ ಆ ಕೋಣೆಯಲ್ಲಿ ಶಬ್ದ ಬಿಡಿಬಿಡಿಯಾಗಿ ತಿಳಿಯಿತು. ‘ನಮಾನ್ ಮರಿಯೆ’. ಮುಗಿದ ಕೂಡಲೇ ಮತ್ತೆ ‘ನಮಾನ್ ಮರಿಯೆ’. ಜಪಮಾಲೆಯ ಮಣಿ ಒಂದೊಂದೇ ಸರಿಯುತ್ತಿತ್ತು. ಈ ಸಲ ನಿಜವಾಗಿಯೂ ಪ್ರಾರ್ಥನೆಯೇ.

ಸುಳ್ಳು ಹೇಳಬಹುದಿತ್ತು. ಕೋಪ ಇಲ್ಲ ಅಂತ ಗೊತ್ತಾಯಿತಂತೆ ಎಂದು ಹೇಳಿಬಿಡಬಹುದಿತ್ತು. ಎಸೆದದ್ದನ್ನೂ ಕೂತು ಕೇಳುವ ಮನುಷ್ಯನಿಗೆ ಅಂಥದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಪ್ರಾರ್ಥನೆ ಸರ್ ಎಂದು ಕೈಜೋಡಿಸಿ ತೋರಿಸಿದೆ.

“ನಾನು ಹೇಳಿದ್ದು ಕೇಳಿತಾ ಅವಳಿಗೆ?”

ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅವರು ಮತ್ತೆ ಬಾಗಿ ಮತ್ತೆ ಅದನ್ನೇ ಹೇಳಿದರು. ಮಣಿ ಸರಿಯುವುದು ನಿಲ್ಲಲಿಲ್ಲ. ಪ್ರಾರ್ಥನೆ ಮುಗಿಯಲಿ, ಆಮೇಲೆ ಕೇಳುತ್ತಾಳೆ ಎಂದು ನೆಲದ ಮೇಲೆಯೇ ಕೂತರು. ನಾನು ಹೊರಟಾಗಲೂ ಕೂತೇ ಇದ್ದರು.

ಆ ಸಂಜೆಯೇ ಟೀಚರ್‌ಗೆ ಎಚ್ಚರ ತಪ್ಪಿತು. ಮಣಿಪಾಲದ ಆಸ್ಪತ್ರೆಗೆ ಒಯ್ದರು. ಅಲ್ಲಿ ಬಾಯಿಗೆ ನಳಿಕೆ ಹಾಕಿದ್ದರು. ಎರಡು ದಿನ ಹಾಗೆಯೇ ಇದ್ದು ತೀರಿಕೊಂಡರು.

ಆಮೇಲೂ ಇವರು ಕೆಲವು ವರ್ಷ ಕಾಲೇಜಿಗೆ ಬಂದರು. ಆ ರೆಕಾರ್ಡಿಂಗ್ ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಿವಿಯ ಮೆಷಿನನ್ನು ಆ ಹುಡುಗಿಯ ಹತ್ತಿರ ಒಯ್ದು, ಗದ್ದಲ ತೆಗೆಯುವ ಭಾಗವನ್ನು ಪೂರ್ತಿ ಬಂದ್ ಮಾಡಿಸಿದರು. ಬಸ್ಸು, ಮಿಕ್ಸಿ, ಮಕ್ಕಳ ಕೂಗು ಎಲ್ಲ ಒಟ್ಟಿಗೆ ನುಗ್ಗಿ ತಲೆನೋವು ಬರುತ್ತಿತ್ತು, ಹಣೆ ಒತ್ತಿಕೊಂಡು ಕೂತಿರುತ್ತಿದ್ದರು. ಕಡಿಮೆ ಮಾಡಿಸಿಕೊಳ್ಳಿ ಸರ್ ಎಂದು ನಾನು ಗದರಿದ್ದೇನೆ. ಕೇಳುವವರಾ ಅವರು? ಮಕ್ಕಳು ಬುಟ್ಟಿಯ ಶನಿವಾರ ತಪ್ಪಿಸಿದರೆ ಮಾತ್ರ ಕೋಪದಿಂದ ಕೆಂಪಾಗುತ್ತಿದ್ದರು, ಮೊದಲು ಹಾಗಿರಲಿಲ್ಲ.

ಈಗ ಅವರೂ ಇಲ್ಲ. ಅವರ ಬಗ್ಗೆ ಯೋಚಿಸಿದಾಗ ಲ್ಯಾಬು ನನ್ನ ಕಣ್ಣಿಗೆ ಬರುವುದಿಲ್ಲ, ಕಾರ್ಕಳದ ಬಂಡೆಯೂ ಬರುವುದಿಲ್ಲ. ಟೀಚರನ್ನು ಮಣ್ಣು ಮಾಡಿದ ದಿನ ಬರುತ್ತದೆ. ಶಂಕರಪುರದಿಂದ ಅವರ ಹಳೆಯ ಶಿಷ್ಯೆಯರು ಅಟ್ಟೆಗಟ್ಟಲೆ, ಕಟ್ಟು ಕಟ್ಟಾಗಿ, ಮಲ್ಲಿಗೆ ತಂದಿದ್ದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರೇ ಒಂದು ಹಿಡಿ ಮಣ್ಣು ಹಾಕಿ ಸರಿದರು. ಇವರ ಸರದಿ ಬಂತು. ಮಣ್ಣು ಹಾಕಿದರು, ಸರಿಯಲಿಲ್ಲ. ಗುಂಡಿಯ ಅಂಚಿನಲ್ಲಿ ಬಾಗಿ ನಿಂತು, ಅಷ್ಟೂ ಜನರ ಎದುರು, ಕಿವಿ ಕೇಳದವರ ಆ ದೊಡ್ಡ ಸ್ವರದಲ್ಲಿ ಕೊಂಕಣಿಯಲ್ಲಿ ಹೇಳಿದರು: ಕೋಪ ಆಗ ಇತ್ತು, ಈಗ ಇಲ್ಲ, ಯಾವಾಗಲೋ ಹೋಗಿದೆ. ಜನ ತಿರುಗಿ ನೋಡಿದರು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ನನ್ನ ಪಕ್ಕದ ಹೆಂಗಸು ಪಿಸುಗುಟ್ಟಿದರು. ಟೀಚರ ತಮ್ಮ ಬಂದು ತೋಳು ಹಿಡಿದು, ಸಾಕು, ಬನ್ನಿ ಭಾವ ಎಂದರು. ಇವರು ಕೈಯೆತ್ತಿ ಅವರನ್ನು ತಡೆದರು. ಮೆಷಿನ್ ಇಲ್ಲದ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಗುಂಡಿಯ ಕಡೆ ಬಾಗಿ, ಹಾಗೆಯೇ ನಿಂತರು. ಗುದ್ದಲಿ ಹಿಡಿದವರು ಕಾದರು.